ರೀಪ್ರೈಸರ್ ಸಾಫ್ಟ್‌ವೇರ್: ಯಾವ ಮಾಲಿಗೆ ಗಿಟ್ಟುತ್ತದೆ, ಯಾವುದಕ್ಕೆ ಕೈ ಸುಡುತ್ತದೆ

ಆನ್‌ಲೈನ್ ಮಾರುಕಟ್ಟೆ ತಾಣಗಳಲ್ಲಿ ಮಾಲು ಮಾರುವವರಿಗೆ ರೀಪ್ರೈಸರ್ ಹೊಸ ಹೆಸರೇನಲ್ಲ. ಅದೇ ಮಾಲನ್ನು ಮಾರುವ ಬೇರೆಯವರು ಎಷ್ಟು ಬೆಲೆ ಇಟ್ಟಿದ್ದಾರೆ ಎಂದು ಕೆಲವು ನಿಮಿಷಗಳಿಗೊಮ್ಮೆ ನೋಡಿ, ನೀವು ಬರೆದಿಟ್ಟ ನಿಯಮದಂತೆ ನಿಮ್ಮ ಬೆಲೆಯನ್ನು ತಾನೇ ಏರಿಸಿ ಇಳಿಸುವ ಚಂದಾ ಸೇವೆ ಇದು. ಬಹಳ ಕಂಪನಿಗಳು ಇದನ್ನು ಮಾರುತ್ತವೆ. ಹೊರಗಿನ ಅಂದಚೆಂದ ಬೇರೆಬೇರೆ ಇದ್ದರೂ ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ಹಾಗಾಗಿ ಇಲ್ಲಿ ಯಾವ ಬ್ರಾಂಡನ್ನೂ ಹಿಡಿದು ಮಾತಾಡದೆ, ಈ ಬಗೆಯ ಸೇವೆಯನ್ನೇ ತೂಗಿ ನೋಡಲಾಗಿದೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಸಾಫ್ಟ್‌ವೇರ್‌ಗೆ ಎದುರಾಳಿಯ ಬೆಲೆ ಕಾಣುತ್ತದೆ, ನೀವು ನಿಂತಿರುವ ಮಾರುಕಟ್ಟೆ ಯಾವ ಬಗೆಯದು ಎಂಬುದು ಮಾತ್ರ ಕಾಣುವುದಿಲ್ಲ. ಹತ್ತಾರು ಮಂದಿ ಒಂದೇ ಮಾಲು ಮಾರುವ ಕಡೆ ಅದು ಕೊಟ್ಟ ಚಂದಾಕ್ಕೆ ತಕ್ಕಂತೆ ದುಡಿಯುತ್ತದೆ. ಇಬ್ಬರು ಮೂವರೇ ಇರುವ ಕಡೆ, ತಯಾರಕರು ಮೊದಲೇ ಹಾಕಿಟ್ಟ ನಿಯಮವನ್ನು ಹಾಗೇ ಬಿಟ್ಟರೆ, ಎಲ್ಲರ ಲಾಭವನ್ನೂ ನುಂಗಿಹಾಕುತ್ತದೆ. ನಿಮ್ಮದೇ ಬ್ರಾಂಡಿನ ಮಾಲಿಗೆ ಅದರ ಮುಖ್ಯ ಸೌಲಭ್ಯವನ್ನು ನಿಲ್ಲಿಸಿ ಇಡುವುದೇ ಸರಿ.

ಕನಿಷ್ಠ ಬೆಲೆಯ ಖಾನೆ

ಇಡೀ ಸೇವೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಚಿಕ್ಕ ಖಾನೆ: ಯಾವ ಬೆಲೆಗಿಂತ ಕೆಳಗೆ ಇಳಿಯಬಾರದು ಎಂಬುದು. ಹೆಚ್ಚಿನ ಮಾರಾಟಗಾರರು ಅದನ್ನು ಅಂದಾಜಿನಲ್ಲಿ ತುಂಬುತ್ತಾರೆ. ನಷ್ಟ ಶುರುವಾಗುವುದು ಅಲ್ಲಿಂದ.

ಲೆಕ್ಕ ಹಾಕಿ ನೋಡಿ. ಮಾಲಿನ ಖರೀದಿ 400, ಪ್ಯಾಕಿಂಗ್ 12, ಸಾಗಣೆ 48, ಒಟ್ಟು 460. ತಾಣದ ಕಮಿಷನ್ ಮಾರಾಟ ಬೆಲೆಯ 15 ಶೇಕಡಾ. ಬಹಳ ಜನ 460ಕ್ಕೆ 15 ಶೇಕಡಾ ಸೇರಿಸಿ 529 ಎಂದು ಬರೆಯುತ್ತಾರೆ. ಆದರೆ ಕಮಿಷನ್ ಕಡಿಯುವುದು 460ರ ಮೇಲಲ್ಲ, 529ರ ಮೇಲೆ. ಅದು 79.35 ಆಗುತ್ತದೆ, ಕೈಗೆ ಬರುವುದು 449.65. ಅಂದರೆ ಅಸಲಿಗೇ 10.35 ಕಡಿಮೆ ಬಿತ್ತು. ಸರಿಯಾದ ದಾರಿ ಎಂದರೆ 460ನ್ನು 0.85ರಿಂದ ಭಾಗಿಸುವುದು: 541.18.

ಇನ್ನು ರಿಟರ್ನ್. 100 ಆರ್ಡರ್‌ಗಳಲ್ಲಿ 8 ವಾಪಸಾದರೆ, ಪ್ರತಿ ವಾಪಸಿಗೂ ಹೋಗುವ ಸಾಗಣೆ 48, ಬರುವ ಸಾಗಣೆ 48, ಪ್ಯಾಕಿಂಗ್ 12, ಒಟ್ಟು 108 ದಂಡ. ಎಂಟಕ್ಕೆ 864. ಈ ಮೊತ್ತವನ್ನು ಉಳಿದ 92 ಮಾರಾಟಗಳು ಹೊರಬೇಕು, ತಲೆಗೆ 9.39. ವಾಪಸಾದ ಎಂಟರಲ್ಲಿ ನಾಲ್ಕು ಮತ್ತೆ ಮಾರಲಾಗದ ಸ್ಥಿತಿಯಲ್ಲಿ ಬಂದರೆ 1600 ಹೋಯಿತು, ತಲೆಗೆ ಇನ್ನೂ 17.39. ಈಗ 486.78ನ್ನು 0.85ರಿಂದ ಭಾಗಿಸಿದರೆ 572.69. ಮೊದಲು ಬರೆದ 529ಕ್ಕೂ ಇದಕ್ಕೂ ಎಷ್ಟು ಅಂತರ ನೋಡಿ. 529ನ್ನು ಖಾನೆಯಲ್ಲಿ ತುಂಬಿದವನಿಗೆ ಸಾಫ್ಟ್‌ವೇರ್ ನಿಯಮ ತಪ್ಪದೆ, ಹಗಲೂ ರಾತ್ರಿ, ನಷ್ಟ ಮಾಡಿಕೊಡುತ್ತದೆ.

ಕೊಳ್ಳುವ ಮುನ್ನ ಪರೀಕ್ಷಿಸಬೇಕಾದ್ದು ಇದನ್ನೇ: ಕನಿಷ್ಠ ಬೆಲೆಯನ್ನು ಖರ್ಚುಗಳಿಂದ ತಾನೇ ಕಟ್ಟುವ ಸೂತ್ರ ಅದರಲ್ಲಿ ಇದೆಯೇ, ಅಥವಾ ಬರಿಯ ಒಂದು ಅಂಕಿ ಕೇಳುತ್ತದೆಯೇ? ಖರೀದಿ ದರ ಬದಲಾದ ದಿನ ನೂರಾರು ಮಾಲುಗಳ ಅಂಕಿಯನ್ನು ಕೈಯಲ್ಲಿ ತಿದ್ದುತ್ತ ಕೂರುವವರು ಯಾರೂ ಇಲ್ಲ. ಸೂತ್ರವಿಲ್ಲದ ಸೇವೆಯಲ್ಲಿ ಮೂರೇ ತಿಂಗಳಿಗೆ ಕನಿಷ್ಠ ಬೆಲೆಗಳು ಹಳಸಿಹೋಗುತ್ತವೆ.

ಒಂದೇ ಕನಿಷ್ಠ ಬೆಲೆ ಸಾಲದು ಎಂಬುದನ್ನೂ ಹೇಳಬೇಕು. ಮುಂದೆಯೂ ತರಿಸಿ ಮಾರುವ ಮಾಲಿಗೆ ಮೇಲಿನ 572.69 ಸರಿ. ಗೋದಾಮಿನಲ್ಲಿ ಕೊಳೆಯುತ್ತಿರುವ, ಮತ್ತೆ ತರಿಸುವ ಉದ್ದೇಶವೇ ಇಲ್ಲದ ಮಾಲಿನ ಲೆಕ್ಕ ಬೇರೆ. ಅದಕ್ಕೆ ಕೊಟ್ಟ 400 ಹೇಗೂ ಹೋಗಿದೆ. ಸಗಟಾಗಿ ಎತ್ತಿಕೊಟ್ಟರೆ 100 ಸಿಗುವುದಾದರೆ, 100ಕ್ಕೆ ಪ್ಯಾಕಿಂಗ್ ಸಾಗಣೆಯ 60 ಸೇರಿಸಿ 0.85ರಿಂದ ಭಾಗಿಸಿ: 188.24. ರಿಟರ್ನಿನ ಪಾಲನ್ನು ಅದರ ಮೇಲೆ ಸೇರಿಸಿದರಾಯಿತು. 400ನ್ನು ಹಿಡಿದುಕೊಂಡು ಕೂತವನು ಕೊನೆಗೆ ಆ 100ನ್ನೂ ಕಾಣುವುದಿಲ್ಲ. ಉತ್ತಮ ಸೇವೆಗಳಲ್ಲಿ ಸ್ಟಾಕಿನ ವಯಸ್ಸು 90 ದಿನ ದಾಟಿದರೆ ಬೇರೆ ಕನಿಷ್ಠ ಬೆಲೆಗೆ ಹೋಗು ಎಂಬಂಥ ನಿಯಮ ಬರೆಯಲು ಜಾಗವಿದೆ. ಅಗ್ಗದವುಗಳಲ್ಲಿ ಇಲ್ಲ.

ಮಾಲು ಒಂದೇ, ಮಾರುವವರು ಹತ್ತಾರು

ಪಠ್ಯಪುಸ್ತಕದ ಪೂರ್ಣ ಪೈಪೋಟಿಗೆ ಹತ್ತಿರವಾದದ್ದೆಂದರೆ ಇದು: ಒಂದೇ ಬಾರ್‌ಕೋಡ್, ಒಂದೇ ಪುಟ, ಇಪ್ಪತ್ತು ಮಾರಾಟಗಾರರು, ಕೊಳ್ಳುವವರ ಕಣ್ಣೆದುರೇ ಎಲ್ಲ ಬೆಲೆಗಳು. ಇಲ್ಲಿ ಬೆಲೆ ನಿರ್ಧಾರ ನಿಮ್ಮ ಕೈಯಲ್ಲಿಲ್ಲ. ಇರುವ ದರಕ್ಕೆ ಗಿಟ್ಟುತ್ತದೆಯೇ ಇಲ್ಲವೇ ಎಂಬುದಷ್ಟೇ ನೀವು ತೀರ್ಮಾನಿಸಬಹುದು. ರೀಪ್ರೈಸರ್ ಹುಟ್ಟಿದ್ದೇ ಈ ಜಾಗಕ್ಕೆ, ಮತ್ತು ಇಲ್ಲಿ ಅದು ಮನುಷ್ಯನಿಗಿಂತ ಎಷ್ಟೋ ಮೇಲು. ದರ ಇಳಿದಾಗ ಜೊತೆಗೆ ಇಳಿಯುತ್ತದೆ, ಏರಿದಾಗ ಏರುತ್ತದೆ. ಕೈಯಲ್ಲಿ ಬೆಲೆ ಬದಲಿಸುವವರು ಇಳಿಸುವುದನ್ನು ನೆನಪಿಟ್ಟು ಏರಿಸುವುದನ್ನು ಮರೆಯುತ್ತಾರೆ. ಈ ಸೇವೆ ನಿಜವಾಗಿ ಹಣ ತಂದುಕೊಡುವುದು ಆ ಏರಿಕೆಯಲ್ಲೇ.

ಹೊಂದಿಸುವಾಗ ಮೂರು ಕಡೆ ಎಚ್ಚರ ಬೇಕು. ಹೋಲಿಕೆ ಸಾಗಣೆ ಸೇರಿದ ಬೆಲೆಯ ಮೇಲೆ ನಡೆಯಬೇಕು. ಎದುರಾಳಿ 540 ಇಟ್ಟು 60 ಸಾಗಣೆ ಕೇಳುತ್ತಿದ್ದರೆ ಅವನ ಬೆಲೆ 600; ಬರಿಯ 540ನ್ನು ನೋಡುವ ಸಾಫ್ಟ್‌ವೇರ್ ನಿಮ್ಮನ್ನು ಸುಮ್ಮನೆ 60 ಕೆಳಗೆ ತಳ್ಳುತ್ತದೆ. ಎರಡನೆಯದು, ಯಾರನ್ನು ಎದುರಾಳಿ ಎಂದು ಎಣಿಸಬೇಕು ಎಂಬುದು. ಹತ್ತು ದಿನಕ್ಕೆ ಮಾಲು ತಲುಪಿಸುವವನ, ಹೆಸರು ಕೆಡಿಸಿಕೊಂಡವನ, ಬಳಸಿದ ಮಾಲು ಮಾರುವವನ ಬೆಲೆಯನ್ನು ಬೆನ್ನಟ್ಟಬೇಕಾಗಿಲ್ಲ, ಜರಡಿ ಹಿಡಿದು ಹೊರಗಿಡಿ. ಮೂರನೆಯದು, ‘1 ಕಡಿಮೆ ಇಡು’ ಎಂಬ ನಿಯಮದ ಬದಲು ‘ಸಮನಾಗಿ ಇಡು’ ಎಂಬುದನ್ನು ಆರಿಸಿ. ಪುಟದ ಮುಖ್ಯ ಖರೀದಿ ಬಟನ್ ಯಾರ ಪಾಲಿಗೆ ಎಂಬುದನ್ನು ತಾಣಗಳು ಬೆಲೆಯೊಂದರಿಂದಲೇ ತೀರ್ಮಾನಿಸುವುದಿಲ್ಲ. ತಲುಪಿಸುವ ವೇಗ, ಸ್ಟಾಕು, ಮಾರಾಟಗಾರನ ದಾಖಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸಮಬೆಲೆಯಲ್ಲೇ ಸರದಿ ಸಿಗುವಾಗ ಕೆಳಗಿಳಿದು ಏನು ಸಾಧಿಸಿದಂತಾಯಿತು?

ಇಳಿಸುವ ಮೊದಲು ಈ ಒಂದು ಭಾಗಾಕಾರ ಮಾಡಿ. ಇಳಿಸುವ ಮೊತ್ತವನ್ನು, ಇಳಿಸಿದ ಮೇಲೆ ಉಳಿಯುವ ಲಾಭದಿಂದ ಭಾಗಿಸಿ. ಬೆಲೆ 100, ಎಲ್ಲ ಖರ್ಚು ಸೇರಿ 80 ಆಗಿದ್ದು, ಬೆಲೆಯನ್ನು 95ಕ್ಕೆ ತಂದರೆ 5 ಭಾಗಿಸು 15. ಮೂರನೇ ಒಂದರಷ್ಟು ಹೆಚ್ಚು ಮಾರಿದರೆ ಮೊದಲಿದ್ದ ಲಾಭಕ್ಕೆ ವಾಪಸು ಬಂದಂತೆ. ಖರ್ಚು 90 ಆಗಿದ್ದರೆ 5 ಭಾಗಿಸು 5, ಅಂದರೆ ಮಾರಾಟ ದುಪ್ಪಟ್ಟಾಗಬೇಕು. ಲಾಭ ತೆಳುವಾದಷ್ಟೂ ಚಿಕ್ಕ ಇಳಿಕೆಯೂ ದುಬಾರಿ. ಈ ಸೇವೆಗಳ ವರದಿ ಪುಟದಲ್ಲಿ ಮಾರಾಟದ ಗೆರೆ ಮೇಲೇರುವುದನ್ನು ದೊಡ್ಡದಾಗಿ ತೋರಿಸುತ್ತಾರೆ, ಲಾಭದ ಗೆರೆ ಹುಡುಕಬೇಕಾಗುತ್ತದೆ. ಇದು ಬಹುತೇಕ ಎಲ್ಲ ಸೇವೆಗಳ ಕೊರತೆ. ಒಂದು ಅಂಕ ಕಡಿಯಲೇಬೇಕು.

ಎದುರಿಗೆ ಒಬ್ಬನೋ ಇಬ್ಬರೋ ಇದ್ದಾಗ

ಅಲ್ಪಸ್ವಾಮ್ಯದ, ಅಂದರೆ ಮಾರುವವರು ಬೆರಳೆಣಿಕೆಯಷ್ಟೇ ಇರುವ ಮಾರುಕಟ್ಟೆಯ, ಆಟ ಬೇರೆಯೇ. ನೀವು ಹಾಕುವ ಪ್ರತಿ ಹೆಜ್ಜೆಗೂ ಎದುರಿನವನಿಂದ ಒಂದು ಉತ್ತರ ಬರುತ್ತದೆ. ಅವನ ಬಳಿಯೂ ಇದೇ ಬಗೆಯ ಸಾಫ್ಟ್‌ವೇರ್ ಇದ್ದರೆ ಆ ಉತ್ತರ ನಿಮಿಷಗಳಲ್ಲಿ ಬರುತ್ತದೆ. ಮಾಲು ಒಂದೇ, ಅಸಲು ಒಂದೇ, ಇಬ್ಬರಿಗೂ ಬೇಕಾದಷ್ಟು ಸ್ಟಾಕ್ ಇದ್ದರೆ ಇಬ್ಬರೇ ಸಾಕು, ಬೆಲೆ ಅಸಲಿಗೆ ಬಂದು ಮುಟ್ಟುತ್ತದೆ ಎಂದು ಫ್ರಾನ್ಸಿನ ಗಣಿತಜ್ಞ ಬರ್ಟ್ರಾಂಡ್ 1883ರಲ್ಲೇ ವಾದಿಸಿದ್ದ. ಅಂದು ಅದು ಕಾಗದದ ಮೇಲಿನ ತರ್ಕ. ಈಗ ಎರಡು ರೀಪ್ರೈಸರ್‌ಗಳನ್ನು ‘1 ಕಡಿಮೆ ಇಡು’ ನಿಯಮದಲ್ಲಿ ಎದುರುಬದುರು ನಿಲ್ಲಿಸಿದರೆ ಕಣ್ಣಾರೆ ನೋಡಬಹುದು. ಬೆಲೆ 700ರಲ್ಲಿ ಶುರುವಾಗಿ, ಇಬ್ಬರ ಕನಿಷ್ಠ ಬೆಲೆಯೂ 573 ಆಗಿದ್ದರೆ, ನಡುವೆ 127 ಮೆಟ್ಟಿಲು. ಐದು ನಿಮಿಷಕ್ಕೊಂದು ಮೆಟ್ಟಿಲು ಇಳಿದರೆ 10 ಗಂಟೆ 35 ನಿಮಿಷಕ್ಕೆ ತಳ ಸೇರುತ್ತದೆ. ರಾತ್ರಿ ಮಲಗಿ ಏಳುವಷ್ಟರಲ್ಲಿ ಒಂದು ಮಾಲಿನ ಲಾಭ ಪೂರ್ತಿ ಮಾಯ, ಇಬ್ಬರಿಗೂ. ಒಂದೇ ಒಂದು ಹೆಚ್ಚುವರಿ ಗಿರಾಕಿಯೂ ಬಂದಿರುವುದಿಲ್ಲ.

ಇದಕ್ಕೆ ಮದ್ದು ಆ ಸಾಫ್ಟ್‌ವೇರ್ ಒಳಗೇ ಇದೆ, ಬಳಸುವವರು ಕಡಿಮೆ.

ಮೊದಲನೆಯದು ಸ್ಟಾಕಿನ ಷರತ್ತು. ಬರ್ಟ್ರಾಂಡನ ವಾದದಲ್ಲಿ ಇಬ್ಬರಲ್ಲೂ ಮುಗಿಯದಷ್ಟು ಮಾಲಿದೆ. ನಿಜವಾದ ಎದುರಾಳಿಯ ಬಳಿ 15 ಇರಬಹುದು. ದಿನಕ್ಕೆ ಆರು ಹೋಗುವ ಮಾಲಿನಲ್ಲಿ ಅವನು ಎರಡೂವರೆ ದಿನಕ್ಕೆ ಖಾಲಿ. ಅವನ ಹಿಂದೆ ಇಳಿಯುವ ಬದಲು ಮೇಲೇ ನಿಂತು, ಅವನದ್ದು ಮುಗಿದ ಮೇಲೆ ಒಬ್ಬರೇ ಮಾರುವುದು ಎಷ್ಟೋ ವಾಸಿ. ‘ಎದುರಾಳಿಯ ಸ್ಟಾಕ್ ಇಷ್ಟಕ್ಕಿಂತ ಕಡಿಮೆಯಿದ್ದರೆ ಬೆಲೆ ಇಳಿಸಬೇಡ’ ಎಂಬ ನಿಯಮ ಇರುವ ಸೇವೆಗೆ ಸ್ವಲ್ಪ ಹೆಚ್ಚು ಚಂದಾ ಕೊಟ್ಟರೂ ತಪ್ಪಿಲ್ಲ.

ಎರಡನೆಯದು ರಾತ್ರಿಯ ರೀಸೆಟ್. ದಿನಕ್ಕೊಮ್ಮೆ, ಮಾರಾಟ ಕಡಿಮೆ ಇರುವ ಹೊತ್ತಿನಲ್ಲಿ, ಬೆಲೆಯನ್ನು ಗರಿಷ್ಠಕ್ಕೆ ಎತ್ತಿ ಇಡುವುದು. ಎದುರಿನ ಯಂತ್ರ ‘ಅವನಿಗಿಂತ 1 ಕಡಿಮೆ’ ಎಂಬ ನಿಯಮದಲ್ಲಿದ್ದರೆ ಅದೂ ಹಿಂದೆಯೇ ಮೇಲೇರುತ್ತದೆ, ಆಮೇಲೆ ನಿಧಾನವಾಗಿ ಇಬ್ಬರೂ ಇಳಿಯುತ್ತಾರೆ. ಹೀಗೆ ಸರ್ರನೆ ಏರಿ ಮೆಲ್ಲಗೆ ಇಳಿಯುವ ಬೆಲೆಚಕ್ರಕ್ಕೆ ಅರ್ಥಶಾಸ್ತ್ರದಲ್ಲಿ ಎಜ್‌ವರ್ತ್ ಚಕ್ರ ಎನ್ನುತ್ತಾರೆ. ಅರ್ಥಶಾಸ್ತ್ರಜ್ಞರಾದ ಮಸ್ಕಿನ್ ಮತ್ತು ತಿರೋಲ್ 1988ರಲ್ಲಿ ಅದಕ್ಕೊಂದು ಗಣಿತದ ಚೌಕಟ್ಟು ಕೊಟ್ಟರು. ಪೆಟ್ರೋಲ್ ಬಂಕ್‌ಗಳ ಚಿಲ್ಲರೆ ದರದಲ್ಲಿ ಕೆಲವು ದೇಶಗಳಲ್ಲಿ ಇದೇ ಗರಗಸದ ಹಲ್ಲಿನಂಥ ಏರಿಳಿತ ಕಾಣುತ್ತದೆ. ರೀಸೆಟ್ ಗೆಲ್ಲುವುದು ಎದುರಿನವನೂ ನಿಯಮದ ಮೇಲೆ ನಡೆಯುತ್ತಿದ್ದರೆ ಮಾತ್ರ. ಅವನು ಕೈಯಲ್ಲಿ ಬೆಲೆ ಇಡುವವನಾದರೆ ಬೆಳಗಿನ ತನಕ ನಿಮ್ಮ ಮಾರಾಟ ಸೊನ್ನೆ. ಒಂದು ವಾರ ನೋಡಿದರೆ ತಿಳಿಯುತ್ತದೆ.

ಮೂರನೆಯದು, ಇಳಿಯುವಾಗ ತಡಮಾಡಿ, ಏರುವಾಗ ಬೇಗ ಏರುವುದು. ಎದುರಾಳಿ ಇಳಿಸಿದ ಕೂಡಲೇ ಸಮನಾಗುವಂತೆ ಇಟ್ಟರೆ ಇಳಿಸಿದ್ದರಿಂದ ಅವನಿಗೆ ಏನೂ ದಕ್ಕುವುದಿಲ್ಲ, ಅದು ಅವನಿಗೆ ಬೇಗ ಅರ್ಥವಾಗುತ್ತದೆ ಎಂಬ ವಾದವೂ ಇದೆ. ಇಬ್ಬರೇ ಇದ್ದು, ಅವನೂ ಸದಾ ಕಣ್ಣಿಟ್ಟಿರುವವನಾದರೆ ಆ ವಾದವೇ ಸರಿ. ಆಗಾಗ ಬಂದು ಹೋಗುವ ಸಣ್ಣ ಮಾರಾಟಗಾರನಾದರೆ ಆರೆಂಟು ಗಂಟೆ ತಡಮಾಡುವುದೇ ಸರಿ. ಅವನ ನಾಲ್ಕು ಪೀಸು ಹೋಗಲಿ ಬಿಡಿ.

ಗರಿಷ್ಠ ಬೆಲೆಯ ಖಾನೆಯನ್ನು ಖಾಲಿ ಬಿಡುವವರಿಗೆ 2011ರ ಏಪ್ರಿಲ್‌ನ ಒಂದು ಘಟನೆ ಸಾಕು. ಅಮೆಜಾನ್‌ನಲ್ಲಿ ನೊಣದ ಬೆಳವಣಿಗೆಯ ಕುರಿತ ಒಂದು ಜೀವಶಾಸ್ತ್ರದ ಪುಸ್ತಕಕ್ಕೆ ಇಬ್ಬರು ಮಾರಾಟಗಾರರಿದ್ದರು. ಒಬ್ಬನ ಯಂತ್ರ ಎದುರಾಳಿಯ ಬೆಲೆಯನ್ನು 0.9983ರಿಂದ ಗುಣಿಸಿ ತನ್ನ ಬೆಲೆ ಇಡುತ್ತಿತ್ತು, ಇನ್ನೊಬ್ಬನದು 1.270589ರಿಂದ. ಗುಣಲಬ್ಧ 1.268. ದಿನಕ್ಕೊಂದು ಸುತ್ತು ನಡೆಯುತ್ತಿತ್ತು, ಅಂದರೆ ಸುಮಾರು ಮೂರು ದಿನಕ್ಕೆ ಬೆಲೆ ದುಪ್ಪಟ್ಟು. ಯಾರೋ ನೋಡಿ ಸರಿಪಡಿಸುವ ಹೊತ್ತಿಗೆ 2,36,98,655.93 ಡಾಲರ್ ಮುಟ್ಟಿತ್ತು. ಎರಡೂ ನಿಯಮಗಳು ಬಿಡಿಬಿಡಿಯಾಗಿ ನೋಡಿದರೆ ಅರ್ಥವಿರುವಂಥವೇ. ಎರಡೂ ಕೂಡಿದಾಗ ಏನಾಗುತ್ತದೆಂದು ನೋಡುವ ಕಣ್ಣು ಎರಡು ಯಂತ್ರಕ್ಕೂ ಇರಲಿಲ್ಲ, ಇಷ್ಟೇ ಎಂದು ತಡೆಯುವ ಮಿತಿಯೂ ಇರಲಿಲ್ಲ.

ಈಚೆಗೆ ‘ತಾನೇ ಕಲಿಯುವ’ ರೀಪ್ರೈಸರ್‌ಗಳನ್ನು ದುಬಾರಿ ಚಂದಾಕ್ಕೆ ಮಾರುತ್ತಿದ್ದಾರೆ. ಇವುಗಳ ಬಗ್ಗೆ ಗಂಭೀರವಾಗಿ ಯೋಚಿಸಬೇಕಾದ್ದಿದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ವರು ಅರ್ಥಶಾಸ್ತ್ರಜ್ಞರು ಇಂಥ ಕಲಿಯುವ ಅಲ್ಗಾರಿದಮ್‌ಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಎದುರಿಗೆ ಬಿಟ್ಟು ನೋಡಿದರು. ಒಂದರ ಜೊತೆ ಒಂದು ಮಾತಾಡದೆಯೂ ಅವು ಪೈಪೋಟಿಯ ಬೆಲೆಗಿಂತ ಮೇಲೆ ನಿಲ್ಲುವುದನ್ನು ಕಲಿತವು. ಒಂದು ಬೆಲೆ ಇಳಿಸಿದರೆ ಇನ್ನೊಂದು ಇಳಿಸಿ ದಂಡಿಸುತ್ತಿತ್ತು, ಆಮೇಲೆ ಎರಡೂ ಮೆಲ್ಲಗೆ ಮೇಲಕ್ಕೆ ಮರಳುತ್ತಿದ್ದವು. ಜರ್ಮನಿಯ ಪೆಟ್ರೋಲ್ ಬಂಕ್‌ಗಳಲ್ಲಿ 2017ರ ಸುಮಾರಿಗೆ ಇಂಥ ಸಾಫ್ಟ್‌ವೇರ್ ಹರಡಿದ ಮೇಲೆ ನಡೆಸಿದ ಅಧ್ಯಯನವೂ ಇದನ್ನೇ ಸೂಚಿಸುತ್ತದೆ: ಸುತ್ತಮುತ್ತ ಎರಡು ಮೂರೇ ಬಂಕ್ ಇರುವ ಕಡೆ, ಎಲ್ಲರೂ ಅದನ್ನು ಅಳವಡಿಸಿಕೊಂಡಾಗ ಮಾತ್ರ ಲಾಭಾಂಶ ಏರಿತು. ಎದುರಾಳಿಯೇ ಇಲ್ಲದ ಬಂಕ್‌ಗಳಲ್ಲಿ ಏರಲಿಲ್ಲ. ಮಾರುವವನ ಕಿವಿಗೆ ಇದು ಸಿಹಿಸುದ್ದಿ ಅನಿಸಬಹುದು, ಆದರೆ ಆ ಲಾಭ ಕೊಳ್ಳುವವರ ಜೇಬಿನಿಂದ ಬಂದದ್ದು. ಕಾನೂನೂ ಕಣ್ಣುಬಿಟ್ಟು ಕೂತಿದೆ.

ಎದುರಾಳಿಯೊಂದಿಗೆ ಮಾತಾಡಿಕೊಂಡು ಸಾಫ್ಟ್‌ವೇರ್‌ನಲ್ಲಿ ನಿಯಮ ಹಾಕಿಕೊಂಡರೆ ಅದು ನೇರವಾಗಿ ಕಾನೂನುಬಾಹಿರ. 2015ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಆನ್‌ಲೈನ್‌ನಲ್ಲಿ ಪೋಸ್ಟರ್ ಮಾರುವ ಒಬ್ಬನ ಮೇಲೆ ಇದೇ ಕಾರಣಕ್ಕೆ ಕ್ರಿಮಿನಲ್ ಮೊಕದ್ದಮೆ ಹೂಡಿತು. 2016ರಲ್ಲಿ ಬ್ರಿಟನ್ನಿನ ಪೈಪೋಟಿ ಪ್ರಾಧಿಕಾರ ಇಬ್ಬರು ಪೋಸ್ಟರ್ ಮಾರಾಟಗಾರರು ‘ಒಬ್ಬರಿಗಿಂತ ಒಬ್ಬರು ಕಡಿಮೆ ಇಡುವುದು ಬೇಡ’ ಎಂದು ಒಪ್ಪಿಕೊಂಡು ಅದನ್ನು ರೀಪ್ರೈಸರ್ ಮೂಲಕ ಜಾರಿಮಾಡಿದ್ದನ್ನು ಹಿಡಿಯಿತು. ಒಂದು ಕಂಪನಿಗೆ ದಂಡ ಬಿತ್ತು, ಅದರ ನಿರ್ದೇಶಕ ಐದು ವರ್ಷ ಯಾವ ಕಂಪನಿಯನ್ನೂ ನಡೆಸದಂತಾಯಿತು. 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಮನೆ ಬಾಡಿಗೆಯ ದರ ಸೂಚಿಸುವ ಸಾಫ್ಟ್‌ವೇರ್ ಕಂಪನಿಯೊಂದರ ಮೇಲೆಯೇ ದಾವೆ ಬಿತ್ತು. ಪೈಪೋಟಿಯಲ್ಲಿರುವ ಮಾಲೀಕರ ಗುಟ್ಟಿನ ಮಾಹಿತಿಯನ್ನು ಒಟ್ಟುಹಾಕಿ ಎಲ್ಲರಿಗೂ ದರ ಸೂಚಿಸುತ್ತಿದೆ ಎಂಬುದು ಆರೋಪ. ಹಾಗಾಗಿ ಚಂದಾ ಕಟ್ಟುವ ಮುನ್ನ ಸೇವೆಯವರನ್ನು ಲಿಖಿತವಾಗಿ ಕೇಳಬೇಕಾದ ಪ್ರಶ್ನೆ ಒಂದಿದೆ: ನನ್ನ ಮಾರಾಟದ, ಅಸಲಿನ ಮಾಹಿತಿಯನ್ನು ಬೇರೆ ಗಿರಾಕಿಗಳ ಬೆಲೆ ನಿರ್ಧರಿಸಲು ಬಳಸುತ್ತೀರಾ? ಇಲ್ಲ ಎಂಬ ನೇರ ಉತ್ತರ ಸಿಗದಿದ್ದರೆ ಬೇರೆ ಸೇವೆ ನೋಡಿಕೊಳ್ಳಿ.

ಹೋಲುವ ಮಾಲು, ಸ್ವಂತ ಮಾಲು

ಒಂದನ್ನೊಂದು ಹೋಲುವ, ಆದರೆ ಒಂದೇ ಅಲ್ಲದ ಮಾಲುಗಳ ಮಾರುಕಟ್ಟೆಯೇ ಜಗತ್ತಿನಲ್ಲಿ ಹೆಚ್ಚು. ಅರ್ಥಶಾಸ್ತ್ರಜ್ಞರಾದ ಚೇಂಬರ್ಲಿನ್ ಮತ್ತು ಜೋನ್ ರಾಬಿನ್ಸನ್ 1933ರಲ್ಲಿ, ಬೇರೆಬೇರೆಯಾಗಿ, ಪೂರ್ಣ ಪೈಪೋಟಿಗೂ ಏಕಸ್ವಾಮ್ಯಕ್ಕೂ ನಡುವಿನ ಈ ಪ್ರದೇಶದ ಬಗ್ಗೆ ಬರೆದರು. ರೀಪ್ರೈಸರ್ ಹೆಚ್ಚು ಎಡವುವುದು ಇಲ್ಲೇ. ಒಂದರ ಪ್ಯಾಕನ್ನು ಮೂರರ ಪ್ಯಾಕಿಗೆ, ಎರಡು ವರ್ಷದ ವಾರಂಟಿ ಇರುವುದನ್ನು ಇಲ್ಲದ್ದಕ್ಕೆ, ಹಳೆಯ ಮಾದರಿಯನ್ನು ಹೊಸದಕ್ಕೆ ಜೋಡಿಸಿ ಬೆಲೆ ಇಳಿಸುತ್ತದೆ. ಹೆಸರು ನೋಡಿ ತಾನೇ ಜೋಡಿಸುವ ಸೌಲಭ್ಯವನ್ನು ನಂಬಬೇಡಿ. ಹೆಚ್ಚು ಮಾರಾಟವಾಗುವ 50 ಮಾಲುಗಳ ಜೋಡಿಯನ್ನಾದರೂ ಕಣ್ಣಲ್ಲಿ ನೋಡಿ ಒಪ್ಪಿಗೆ ಕೊಡಿ. ನಿಯಮವನ್ನೂ ಬದಲಿಸಿ: ‘ಅವನಿಗಿಂತ ಕಡಿಮೆ’ ಬೇಡ, ‘ಇಂಥ ಮಾಲಿಗಿಂತ 6 ಶೇಕಡಾ ಮೇಲೆ, ದಿನಕ್ಕೆ ಒಂದೇ ಬದಲಾವಣೆ’ ಎಂಬಂತೆ. ಗಿರಾಕಿ ನಿಮ್ಮ ಮಾಲಿನಲ್ಲಿ ಕಂಡ ವ್ಯತ್ಯಾಸಕ್ಕೆ ಆ 6 ಬೆಲೆ.

ನಿಮ್ಮದೇ ಬ್ರಾಂಡ್ ಆದರೆ ನೋಡಲು ಎದುರಾಳಿಯೇ ಇಲ್ಲ, ಗಿರಾಕಿಯನ್ನು ನೋಡಬೇಕು. ಬೆಲೆ 500 ಇದ್ದಾಗ ತಿಂಗಳಿಗೆ 120 ಹೋಗುತ್ತಿತ್ತು, 550 ಮಾಡಿದರೆ 108 ಹೋಯಿತು ಎನ್ನಿ. ಕಮಿಷನ್ 15 ಶೇಕಡಾ, ಉಳಿದ ಖರ್ಚು 240. ಮೊದಲು ಪೀಸಿಗೆ 185ರಂತೆ 22,200 ಲಾಭ. ಈಗ 227.50ರಂತೆ 24,570. ಮಾರಾಟ ಇಳಿಯಿತು, ಲಾಭ ಏರಿತು. ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಏರಿದಾಗ ಮಾರಾಟ ಎಷ್ಟರಮಟ್ಟಿಗೆ ಕುಗ್ಗುತ್ತದೆ ಎಂಬ ಅಳತೆ, ಇಲ್ಲಿ ಸುಮಾರು 1.1, ಈ ಖರ್ಚಿಗೆ 550 ಸರಿಯಾದ ಬೆಲೆ ಎನ್ನಬೇಕಾದರೆ ಅದು 2ರ ಆಸುಪಾಸು ಇರಬೇಕಿತ್ತು. ಅಂದರೆ ಇನ್ನೂ ಏರಿಸಿ ನೋಡಲು ಜಾಗವಿದೆ. ರೀಪ್ರೈಸರ್ ಈ ಲೆಕ್ಕ ಮಾಡುವುದಿಲ್ಲ. ಮಾಡುತ್ತೇನೆ ಎನ್ನುವ ‘ಬೇಡಿಕೆ ಕಲಿಯುವ’ ಘಟಕಕ್ಕೆ ಸಾಕಷ್ಟು ಮಾರಾಟ ಬೇಕು. ವಾರಕ್ಕೆ ನಾಲ್ಕು ಹೋಗುವ ಮಾಲಿನಲ್ಲಿ ಒಂದು ವಾರ ಎರಡು, ಇನ್ನೊಂದು ವಾರ ಆರು ಹೋಗುವುದು ಸಹಜ. ಆ ಆಕಸ್ಮಿಕವನ್ನೇ ಬೆಲೆಯ ಪರಿಣಾಮ ಎಂದು ಯಂತ್ರ ತಿಳಿದುಕೊಳ್ಳುತ್ತದೆ. ಅಂಥ ಮಾಲಿಗೆ ಎರಡೆರಡು ವಾರ ಒಂದೊಂದು ಬೆಲೆ ಇಟ್ಟು, ಹಬ್ಬದ ಮಾರಾಟದ ದಿನಗಳನ್ನು ಬಿಟ್ಟು, ಕೈಯಲ್ಲೇ ಬರೆದು ನೋಡುವುದು ಹೆಚ್ಚು ನಂಬಿಕೆಗೆ ಅರ್ಹ.

ಹಾಕುವಾಗ, ಬಿಡುವಾಗ

2014ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಒಂದು ರೀಪ್ರೈಸರ್ ಕೆಟ್ಟು, ಅದನ್ನು ನಂಬಿದ್ದವರ ಮಾಲುಗಳು ಸುಮಾರು ಒಂದು ಗಂಟೆ ಕಾಲ ಒಂದೊಂದು ಪೆನ್ನಿ ನಾಣ್ಯಕ್ಕೆ, ಅಂದರೆ ಪೌಂಡಿನ ನೂರನೇ ಒಂದು ಭಾಗಕ್ಕೆ, ಬಿಕರಿಯಾದವು. ಕನಿಷ್ಠ ಬೆಲೆಯನ್ನು ಸಾಫ್ಟ್‌ವೇರ್ ಒಳಗೆ ಬರೆದರಷ್ಟೇ ಸಾಲದು ಎಂಬುದಕ್ಕೆ ಇದೇ ಕಾರಣ. ಮಾರುಕಟ್ಟೆ ತಾಣದ ನಿಮ್ಮ ಖಾತೆಯಲ್ಲೂ ಕನಿಷ್ಠ, ಗರಿಷ್ಠ ಬೆಲೆ ತುಂಬಲು ಅವಕಾಶವಿದ್ದರೆ ಅಲ್ಲೂ ತುಂಬಿ. ಯಂತ್ರ ತಪ್ಪಿದರೂ ತಾಣ ತಡೆಯುತ್ತದೆ.

ಮೊದಲ ವಾರ ಬೆಲೆ ಬದಲಿಸದೆ ‘ಬದಲಿಸುವುದಾದರೆ ಹೀಗೆ ಬದಲಿಸುತ್ತಿದ್ದೆ’ ಎಂದು ತೋರಿಸುವ ಪ್ರಯೋಗ ಸ್ಥಿತಿಯಲ್ಲಿ ಓಡಿಸಿ. ಆಮೇಲೆ 20 ಮಾಲುಗಳಿಂದ ಶುರುಮಾಡಿ. ಚಂದಾವನ್ನು ಪೀಸಿನ ಲಾಭದಿಂದ ಭಾಗಿಸಿದರೆ ತಿಂಗಳಿಗೆ ಎಷ್ಟು ಹೆಚ್ಚು ಮಾರಿದರೆ ಅದು ಹುಟ್ಟುತ್ತದೆ ಎಂದು ಗೊತ್ತಾಗುತ್ತದೆ. ಹಲವರು ಮಾರುವ ಮಾಲುಗಳು ನಿಮ್ಮಲ್ಲಿ ಹತ್ತಿಪ್ಪತ್ತೇ ಇದ್ದರೆ ಸಾಮಾನ್ಯವಾಗಿ ಹುಟ್ಟುವುದಿಲ್ಲ. ದಿನಕ್ಕೆರಡು ಸಲ ನೀವೇ ನೋಡಿಕೊಂಡರೆ ಸಾಕು.

ಸೇವೆ ನಿಲ್ಲಿಸುವ ದಿನದ ಬಗ್ಗೆಯೂ ಒಂದು ಮಾತು. ಚಂದಾ ಮುಗಿದಾಗ ಬೆಲೆಗಳು ಹಳೆಯ ಜಾಗಕ್ಕೆ ಮರಳುವುದಿಲ್ಲ, ಕೊನೆಯ ಗಳಿಗೆಯಲ್ಲಿ ಎಲ್ಲಿದ್ದವೋ ಅಲ್ಲೇ ನಿಂತುಬಿಡುತ್ತವೆ. ಅದು ಬೆಲೆ ಯುದ್ಧದ ತಳವೇ ಆಗಿರಬಹುದು. ನಿಲ್ಲಿಸುವ ಮುನ್ನ ಎಲ್ಲ ಮಾಲುಗಳ ಬೆಲೆಪಟ್ಟಿಯ ಪ್ರತಿ ತೆಗೆದಿಟ್ಟುಕೊಂಡು, ಕನಿಷ್ಠ ಬೆಲೆಗೆ ಅಂಟಿಕೊಂಡಿರುವವನ್ನು ಮೊದಲು ಕೈಯಾರೆ ಎತ್ತಿ ಇಟ್ಟು, ಆಮೇಲೆ ಖಾತೆಯ ಅನುಮತಿ ಕಿತ್ತುಹಾಕಿ.